ಲಿನಕ್ಸ್ ಮತ್ತು ಇತರ ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗಳಿಗೆ ಪ್ರಿಂಟರ್ ಜೋಡಿಸುವುದು: ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಕೊಂಡು ಕೆಲಸ ಸಾಗಿಸಲು ಬಯಸುವ ಶಾಲೆಗಳು, ಜೆರಾಕ್ಸ್ ಅಂಗಡಿಗಳು, ಸಣ್ಣ ಸೊಸೈಟಿಗಳು ಕೊನೆಯಲ್ಲಿ ಬಂದು ನಿಲ್ಲುವುದು ಒಂದೇ ಕಡೆ, ಅದು ಪ್ರಿಂಟರ್. ಬ್ರೌಸರ್ ತೆರೆಯುತ್ತದೆ, ಕನ್ನಡ ಟೈಪಿಂಗ್ ಆಗುತ್ತದೆ, ಲೆಕ್ಕದ ಹಾಳೆಯೂ ತಯಾರಾಗುತ್ತದೆ. ಆದರೆ ಅದು ಕಾಗದದ ಮೇಲೆ ಬರುವುದಿಲ್ಲ. ಆಗ ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ ಮಾದರಿಯ ಹೆಸರು ಹಾಕಿ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶ, ಹುಡುಕುವುದು. ಈ ಮಾರ್ಗದರ್ಶಿಯ ಉದ್ದೇಶ ಆ ಅಭ್ಯಾಸವನ್ನು ತಪ್ಪಿಸುವುದು. ಲಿನಕ್ಸ್, ಮ್ಯಾಕ್, ಬಿಎಸ್‌ಡಿಯಂತಹ ಯುನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಡ್ರೈವರ್‌ಗೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಪ್ರಿಂಟರಿಗೆ ಯಾವ ಭಾಷೆ ಅರ್ಥವಾಗುತ್ತದೆ, ಮತ್ತು ಅದನ್ನು ಯಾವ ದಾರಿಯಲ್ಲಿ ತಲುಪಬೇಕು. ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಹೆಚ್ಚು ಹೊತ್ತಿನ ಕೆಲಸವಲ್ಲ. ಅದಾದ ಮೇಲೆ ನಮ್ಮ ಕಡೆಗೆ ಬಹಳ ಮುಖ್ಯವಾದ ಮೂರನೆಯ ವಿಷಯವೊಂದಿದೆ: ಕರೆಂಟ್ ಹೋಗಿ ಬಂದ ಮೇಲೂ ಪ್ರಿಂಟರ್ ಯಾರ ನೆರವೂ ಇಲ್ಲದೆ ಕೆಲಸಕ್ಕೆ ನಿಲ್ಲಬೇಕು.

ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿಯೇ ಬರೆಯಲಾಗಿದೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಕೊಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಆಯ್ಕೆಗಳ ಅಕ್ಷರ ದೊಡ್ಡದಿರಬೇಕಾದಲ್ಲಿ ಆ ಮಾತನ್ನು ಅಲ್ಲಲ್ಲೇ ಹೇಳಿದೆ.

ಕಪ್ಸ್: ಎಲ್ಲದರ ನಡುವೆ ಇರುವ ವ್ಯವಸ್ಥೆ

ಇಂದು ಲಿನಕ್ಸ್, ಮ್ಯಾಕ್‌ಓಎಸ್ ಮತ್ತು ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಮುದ್ರಣದ ಕೆಲಸವನ್ನು ಬಹುಮಟ್ಟಿಗೆ ನೋಡಿಕೊಳ್ಳುವುದು ಕಪ್ಸ್ ಎಂಬ ತಂತ್ರಾಂಶ. ಮೈಕೆಲ್ ಸ್ವೀಟ್ ಅವರು 1997ರಲ್ಲಿ ಇದರ ರಚನೆ ಆರಂಭಿಸಿದರು. ಆಪಲ್ ಕಂಪನಿ 2002ರಲ್ಲಿ ತನ್ನ ವ್ಯವಸ್ಥೆಗೆ ಇದನ್ನು ಅಳವಡಿಸಿಕೊಂಡು, 2007ರಲ್ಲಿ ಅದರ ಹಕ್ಕನ್ನೇ ಕೊಂಡುಕೊಂಡಿತು. ಸ್ವೀಟ್ ಅವರು 2019ರ ಕೊನೆಯಲ್ಲಿ ಆಪಲ್ ಬಿಟ್ಟ ನಂತರ ಲಿನಕ್ಸ್ ಕಡೆಯ ಕಪ್ಸ್‌ನ ಬೆಳವಣಿಗೆ ಓಪನ್‌ಪ್ರಿಂಟಿಂಗ್ ಯೋಜನೆಯ ಅಡಿಯಲ್ಲಿ ಮುಂದುವರಿದಿದೆ. ಹಳೆಯ ಯುನಿಕ್ಸ್‌ನ ಎರಡು ಪರಂಪರೆಗಳಾದ ಬರ್ಕ್‌ಲಿಯ ಎಲ್‌ಪಿಆರ್ ಮತ್ತು ಸಿಸ್ಟಂ ಫೈವ್‌ನ ಎಲ್‌ಪಿ ಆಜ್ಞೆಗಳೆರಡನ್ನೂ ಕಪ್ಸ್ ಅರ್ಥಮಾಡಿಕೊಳ್ಳುತ್ತದೆ. ಹಾಗಾಗಿ ಹಳೆಯ ಪುಸ್ತಕಗಳಲ್ಲಿ ಓದಿದ ಆಜ್ಞೆಗಳು ಇಂದಿಗೂ ನಡೆಯುತ್ತವೆ.

ನೀವು ಪ್ರಿಂಟ್ ಒತ್ತಿದಾಗ ಕಡತವು ಮೊದಲು ಸರದಿಗೆ, ಅಂದರೆ ಆ ಪ್ರಿಂಟರಿನ ಹೆಸರಿನಲ್ಲಿರುವ ಕೆಲಸಗಳ ಸಾಲಿಗೆ, ಸೇರುತ್ತದೆ. ನಂತರ ಫಿಲ್ಟರ್‌ಗಳೆಂಬ ಸಣ್ಣ ಪ್ರೋಗ್ರಾಮುಗಳು ಅದನ್ನು, ಬಹುತೇಕ ಪಿಡಿಎಫ್ ರೂಪದ ಮೂಲಕ, ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತವೆ. ಕೊನೆಗೆ ಬ್ಯಾಕ್‌ಎಂಡ್ ಎಂಬ ಭಾಗವು ಯುಎಸ್‌ಬಿ ಅಥವಾ ನೆಟ್‌ವರ್ಕ್ ಮೂಲಕ ಅದನ್ನು ಸಾಗಿಸುತ್ತದೆ. ಮೇಲೆ ಹೇಳಿದ ಎರಡು ಪ್ರಶ್ನೆಗಳು ಹುಟ್ಟುವುದು ಇಲ್ಲಿಂದಲೇ: ಭಾಷೆ ತಪ್ಪಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿಯೋ ಖಾಲಿ ಹಾಳೆಯೋ ಹೊರಬರುತ್ತದೆ, ದಾರಿ ತಪ್ಪಿದರೆ ಏನೂ ಬರುವುದಿಲ್ಲ, ಕೆಲಸ ಸರದಿಯಲ್ಲೇ ಕುಳಿತಿರುತ್ತದೆ. ಲಕ್ಷಣ ನೋಡಿಯೇ ದೋಷ ಯಾವ ಕಡೆಯದು ಎಂದು ಊಹಿಸಲು ಇಷ್ಟು ತಿಳಿದಿದ್ದರೆ ಸಾಕು.

ಮೊದಲು ಪ್ರಿಂಟರ್ ಯಾವ ಜಾತಿಯದೆಂದು ಗುರುತಿಸಿ

ಈಚಿನ ವರ್ಷಗಳಲ್ಲಿ ಬಂದ ವೈಫೈ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್, ಮೊಪ್ರಿಯಾ ಅಥವಾ ಐಪಿಪಿ ಎವ್ರಿವೇರ್ ಎಂಬ ಹೆಸರು ಇದ್ದರೆ ಆ ಯಂತ್ರ ತನ್ನ ಸಾಮರ್ಥ್ಯವನ್ನು ತಾನೇ ಕಂಪ್ಯೂಟರಿಗೆ ಹೇಳಿಕೊಳ್ಳಬಲ್ಲದು: ಯಾವ ಗಾತ್ರದ ಕಾಗದ, ಬಣ್ಣ ಇದೆಯೇ, ಎರಡೂ ಬದಿ ಮುದ್ರಿಸಬಲ್ಲದೇ ಎಂಬುದೆಲ್ಲ ಅದರಿಂದಲೇ ತಿಳಿಯುತ್ತದೆ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಲಿನಕ್ಸ್ ಬಳಸುವವರು ಈ ಹೆಸರುಗಳಲ್ಲಿ ಒಂದಾದರೂ ಇಲ್ಲದ ಪ್ರಿಂಟರನ್ನು, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳಬಾರದು.

ಆದರೆ ನಮ್ಮ ಅಂಗಡಿಗಳಲ್ಲಿ ಈಗಾಗಲೇ ಇರುವ ಯಂತ್ರಗಳನ್ನು ಎಸೆಯುವಂತಿಲ್ಲ. ಅವುಗಳಲ್ಲಿ ಮೂರು ಬಗೆ ಕಾಣುತ್ತದೆ. ಎಚ್‌ಪಿ ಲೇಸರ್‌ಜೆಟ್ 1020, ಪಿ1007, ಪಿ1008ರಂತಹ ಸಣ್ಣ ಲೇಸರ್‌ಗಳಲ್ಲಿ ಪುಟ ರೂಪಿಸುವ ಬುದ್ಧಿ ಪ್ರಿಂಟರಿನಲ್ಲಿ ಇರುವುದಿಲ್ಲ. ಅದು ಕಂಪ್ಯೂಟರಿನಲ್ಲಿಯೇ ಆಗಬೇಕು. ಕ್ಯಾನನ್ ಎಲ್‌ಬಿಪಿ 2900 ಕೂಡ ಇದೇ ಸ್ವಭಾವದ್ದು, ಅದರ ಭಾಷೆ ಮಾತ್ರ ಬೇರೆ. ಎರಡನೆಯದು ಶಾಯಿ ಟ್ಯಾಂಕಿನ ಎಪ್ಸನ್ ಎಲ್ ಸರಣಿಯಂತಹ ಯಂತ್ರಗಳು. ಮೂರನೆಯದು ಅಡಿಕೆ ವ್ಯವಹಾರದ ಕೌಂಟರ್‌ಗಳಲ್ಲಿ, ಗೋದಾಮುಗಳಲ್ಲಿ ಸದ್ದು ಮಾಡುತ್ತ ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್.

ಕಪ್ಸ್ ಅನುಸ್ಥಾಪನೆ ಮತ್ತು ಅನುಮತಿ

ಉಬುಂಟು, ಮಿಂಟ್, ಫೆಡೋರಾಗಳ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ಕಪ್ಸ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಇಲ್ಲದಿದ್ದರೆ ಡೆಬಿಯನ್ ಕುಟುಂಬದಲ್ಲಿ ಎಪಿಟಿ, ಫೆಡೋರಾದಲ್ಲಿ ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್ ಮೂಲಕ ಕಪ್ಸ್, ಕಪ್ಸ್-ಫಿಲ್ಟರ್ಸ್ ಮತ್ತು ಅವಾಹಿ ಪ್ಯಾಕೇಜುಗಳನ್ನು ಹಾಕಿಕೊಳ್ಳಬೇಕು. ಅವಾಹಿ ಇರುವುದು ನೆಟ್‌ವರ್ಕಿನಲ್ಲಿರುವ ಪ್ರಿಂಟರ್‌ಗಳನ್ನು ಪತ್ತೆ ಹಚ್ಚಲು. ನಂತರ ಸಿಸ್ಟಂಸಿಟಿಎಲ್ ಆಜ್ಞೆಗೆ ಎನೇಬಲ್, ಹೈಫನ್ ಹೈಫನ್ ನೌ, ಕಪ್ಸ್ ಎಂದು ಕೊಟ್ಟರೆ ಸೇವೆ ಆಗಲೇ ಆರಂಭವಾಗುವುದಲ್ಲದೆ ಪ್ರತಿ ಸಲ ಕಂಪ್ಯೂಟರ್ ಎದ್ದಾಗಲೂ ತಾನಾಗಿ ಆರಂಭವಾಗುತ್ತದೆ.

ಬಹಳಷ್ಟು ಜನ ಸಿಕ್ಕಿಬೀಳುವ ಜಾಗ ಅನುಮತಿಯದು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪ್ರಿಂಟರ್ ಸೇರಿಸುವ ಹಕ್ಕು ಎಲ್‌ಪಿಅಡ್ಮಿನ್ ಎಂಬ ಗುಂಪಿನ ಸದಸ್ಯರಿಗೆ ಮಾತ್ರ ಇದೆ. ಶಾಲೆಯ ಪ್ರಯೋಗಾಲಯದಲ್ಲಿ ಹೊಸ ಖಾತೆ ತೆರೆದು ಅದರಿಂದಲೇ ಪ್ರಿಂಟರ್ ಸೇರಿಸಹೋದರೆ ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. ಯೂಸರ್‌ಮಾಡ್ ಆಜ್ಞೆಯಿಂದ ಖಾತೆಯನ್ನು ಆ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಮಾತ್ರ ಬದಲಾವಣೆ ಜಾರಿಯಾಗುತ್ತದೆ. ಲಾಗ್‌ಔಟ್ ಆಗದೆ ಪ್ರಯತ್ನಿಸಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ.

ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಕೋಲನ್ (:) ಚಿಹ್ನೆಯ ನಂತರ 631 ಎಂಬ ಪೋರ್ಟ್ ಸಂಖ್ಯೆ ಹಾಕಿದರೆ ಕಪ್ಸ್‌ನ ನಿರ್ವಹಣಾ ಪುಟ ತೆರೆಯುತ್ತದೆ. ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಕಿಟಕಿಯಿಂದಲೂ ಪ್ರಿಂಟರ್ ಸೇರಿಸಬಹುದು. ಆದರೆ ಏನು ನಡೆಯುತ್ತಿದೆ ಎಂಬುದು ಪೂರ್ತಿ ಕಾಣುವುದು ಈ ಪುಟದಲ್ಲಿಯೇ. ಹೀಗಾಗಿ ಮೊದಲಿನಿಂದಲೂ ಇದನ್ನೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಡ್ರೈವರ್ ಬೇಡದ ಪ್ರಿಂಟರ್ ಸೇರಿಸುವುದು

ಪ್ರಿಂಟರನ್ನು ಅದರದೇ ಪರದೆಯಿಂದ ಅಥವಾ ಮೊಬೈಲ್ ಆ್ಯಪ್‌ನಿಂದ ನಿಮ್ಮ ರೌಟರಿಗೆ ಸೇರಿಸಿ. ಕಂಪ್ಯೂಟರೂ ಅದೇ ರೌಟರಿನಲ್ಲಿರಲಿ. ಈಗ ಎಲ್‌ಪಿಇನ್‌ಫೋ ಆಜ್ಞೆಗೆ ಹೈಫನ್ ವಿ ಆಯ್ಕೆ ಕೊಟ್ಟರೆ ಕಂಪ್ಯೂಟರಿಗೆ ಕಾಣುವ ದಾರಿಗಳೆಲ್ಲ ಪಟ್ಟಿಯಾಗುತ್ತವೆ. ಅದರಲ್ಲಿ ಐಪಿಪಿ (ನೆಟ್‌ವರ್ಕಿನಲ್ಲಿ ಮುದ್ರಿಸುವ ಸಾಮಾನ್ಯ ಪದ್ಧತಿ) ಅಥವಾ ಡಿಎನ್‌ಎಸ್‌ಎಸ್‌ಡಿ ಎಂದು ಆರಂಭವಾಗುವ ವಿಳಾಸ ನಿಮ್ಮ ಪ್ರಿಂಟರಿನದು. ನಿರ್ವಹಣಾ ಪುಟದಲ್ಲಿ ಪ್ರಿಂಟರ್ ಸೇರಿಸುವ ಗುಂಡಿ ಒತ್ತಿ, ಆ ವಿಳಾಸವನ್ನು ಆರಿಸಿ, ಡ್ರೈವರ್ ಕೇಳುವಲ್ಲಿ ಐಪಿಪಿ ಎವ್ರಿವೇರ್ ಆಯ್ಕೆ ಮಾಡಿದರೆ ಕೆಲಸ ಮುಗಿಯಿತು.

ಟರ್ಮಿನಲ್ಲಿನಲ್ಲಿ ಇದೇ ಕೆಲಸ ಒಂದು ಸಾಲಿನದು. ಎಲ್‌ಪಿಅಡ್ಮಿನ್ ಆಜ್ಞೆಯ ಮುಂದೆ ಹೈಫನ್ ಪಿ ಮತ್ತು ಸರದಿಯ ಹೆಸರು, ನಂತರ ಹೈಫನ್ ದೊಡ್ಡ ಇ, ಆಮೇಲೆ ಹೈಫನ್ ವಿ ಮತ್ತು ವಿಳಾಸ, ಕೊನೆಗೆ ಹೈಫನ್ ಎಂ ಮತ್ತು ಎವ್ರಿವೇರ್ ಎಂಬ ಪದ. ಇಲ್ಲಿ ದೊಡ್ಡ ಇ ಇರುವ ಜಾಗ ಮುಖ್ಯ. ಹೈಫನ್ ಪಿ ಆದ ಮೇಲೆ ಬಂದರೆ ಅದು ಸರದಿಯನ್ನು ಚಾಲೂ ಮಾಡಿ ಕೆಲಸ ಸ್ವೀಕರಿಸುವಂತೆ ಮಾಡುತ್ತದೆ. ಅದಕ್ಕೂ ಮೊದಲೇ ಬಂದರೆ ಗೂಢಲಿಪಿಯ ಸಂಪರ್ಕ ಬೇಕೆಂಬ ಬೇರೆಯೇ ಅರ್ಥವಾಗುತ್ತದೆ. ಪ್ರಿಂಟರ್ ಸೇರಿದೆ, ಆದರೆ ನಿಂತುಹೋದ ಸ್ಥಿತಿಯಲ್ಲಿದೆ ಎಂಬ ದೂರಿಗೆ ಈ ಅದಲುಬದಲು ಒಂದು ಕಾರಣ. ಸರದಿಯ ಹೆಸರಿನಲ್ಲಿ ಖಾಲಿ ಜಾಗ, ಓರೆಗೆರೆ ಮತ್ತು ಹ್ಯಾಷ್ ಚಿಹ್ನೆ ಇರಕೂಡದು. ವಿವರಣೆ ಮತ್ತು ಸ್ಥಳದ ಅಂಕಣಗಳಲ್ಲಿ ಮಾತ್ರ ‘ಕಚೇರಿಯ ಒಳಕೋಣೆ’ ಎಂದು ಕನ್ನಡದಲ್ಲಿಯೇ ಧಾರಾಳವಾಗಿ ಬರೆಯಬಹುದು.

ಯುಎಸ್‌ಬಿ ತಂತಿಯಿಂದ ಜೋಡಿಸಿದ ಹೊಸ ಪ್ರಿಂಟರಿಗೂ ಈ ಅನುಕೂಲವಿದೆ. ಐಪಿಪಿ-ಯುಎಸ್‌ಬಿ ಎಂಬ ಸೇವೆಯು ತಂತಿಯ ಮೂಲಕವೇ ನೆಟ್‌ವರ್ಕಿನ ಮಾತುಕತೆ ನಡೆಸುತ್ತದೆ. 2021ರ ಡೆಬಿಯನ್ 11ರಿಂದ ಇದು ಮುನ್ನೆಲೆಗೆ ಬಂದಿದೆ. ಆದರೆ ಒಂದು ಎಚ್ಚರಿಕೆ ಇದೆ. ಈ ಸೇವೆ ಪ್ರಿಂಟರನ್ನು ಹಿಡಿದುಕೊಂಡಿರುವಾಗ ಹಳೆಯ ಬಗೆಯ ಡ್ರೈವರಿಗೆ ಅದೇ ಯಂತ್ರ ಸಿಗುವುದಿಲ್ಲ. ಎರಡನ್ನೂ ಹಾಕಿಕೊಂಡು ಯಾವುದೂ ನಡೆಯದೆ ಪರದಾಡುವುದಕ್ಕಿಂತ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ತೆಗೆದುಹಾಕಬೇಕು.

ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೆ ಫೈರ್‌ವಾಲ್, ಅಂದರೆ ನೆಟ್‌ವರ್ಕಿನ ಸಂಚಾರವನ್ನು ತಡೆಹಿಡಿಯುವ ತಂತ್ರಾಂಶ, ನೋಡಿ. ಪತ್ತೆ ಹಚ್ಚುವ ಸಂದೇಶಗಳು ಯುಡಿಪಿ 5353ನೆಯ ಪೋರ್ಟಿನಲ್ಲಿ ಓಡಾಡುತ್ತವೆ. ಕೆಲವು ರೌಟರ್‌ಗಳ ಅತಿಥಿ ವೈಫೈಯಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ತಡೆ ಇರುತ್ತದೆ. ಪ್ರಿಂಟರ್ ಅಲ್ಲಿ ಸೇರಿದ್ದರೆ ಮುಖ್ಯ ವೈಫೈಗೆ ಬದಲಿಸಬೇಕು. ನೆಟ್‌ವರ್ಕ್ ಇದ್ದೂ ಐಪಿಪಿ ತಿಳಿಯದ ಹಳೆಯ ಲೇಸರ್‌ಗಳಿಗೆ ಸಾಕೆಟ್ ಬಗೆಯ ವಿಳಾಸವನ್ನು 9100ನೆಯ ಪೋರ್ಟಿನೊಂದಿಗೆ ಕೊಟ್ಟು, ಅದಕ್ಕೆ ತಕ್ಕ ಡ್ರೈವರ್ ಆರಿಸಬೇಕಾಗುತ್ತದೆ.

ಹಳೆಯ ಲೇಸರ್‌ಗಳು: ಫರ್ಮ್‌ವೇರ್ ಮರೆಯುವ ಯಂತ್ರಗಳು

ಲೇಸರ್‌ಜೆಟ್ 1020ರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಳೆಗಾಲದಲ್ಲಿ ಮರದ ಟೊಂಗೆ ಬಿದ್ದು ತಂತಿ ಹರಿಯುವ ನಮ್ಮ ಘಟ್ಟದ ಊರುಗಳಲ್ಲಿ ಇದರ ಸ್ವಭಾವವೇ ಅರ್ಧ ತೊಂದರೆಗೆ ಮೂಲ. ಈ ಯಂತ್ರ ತನ್ನ ಫರ್ಮ್‌ವೇರನ್ನು, ಅಂದರೆ ತನ್ನನ್ನು ಒಳಗಿನಿಂದ ನಡೆಸುವ ತಂತ್ರಾಂಶವನ್ನು, ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಕರೆಂಟ್ ಹೋದ ಕ್ಷಣ ಅದು ಅಳಿದುಹೋಗುತ್ತದೆ. ಮತ್ತೆ ಚಾಲೂ ಆದಾಗ ಕಂಪ್ಯೂಟರ್ ಅದನ್ನು ಹೊಸದಾಗಿ ಕಳಿಸಿಕೊಡಬೇಕು. ಕಳಿಸದಿದ್ದರೆ ಪ್ರಿಂಟರಿನ ದೀಪ ಹಸಿರಾಗಿರುತ್ತದೆ, ಯುಎಸ್‌ಬಿ ಪಟ್ಟಿಯಲ್ಲಿ ಹೆಸರೂ ಕಾಣುತ್ತದೆ, ಕಪ್ಸ್ ಕೂಡ ಕೆಲಸ ಕಳಿಸಿದ್ದೇನೆ ಎನ್ನುತ್ತದೆ. ಹಾಳೆ ಮಾತ್ರ ಬರುವುದಿಲ್ಲ. ಕಾರ್ಟ್ರಿಜ್ ಬದಲಿಸಿದರೂ ತಂತಿ ಬದಲಿಸಿದರೂ ಪ್ರಯೋಜನವಿಲ್ಲ. ಪಿ1007 ಮತ್ತು ಪಿ1008ರದೂ ಇದೇ ಕಥೆ.

ಇದಕ್ಕೆ ಎಚ್‌ಪಿಯವರದೇ ಎಚ್‌ಪಿಲಿಪ್ ಎಂಬ ತಂತ್ರಾಂಶವಿದೆ. ಅದನ್ನು ನಿಮ್ಮ ಲಿನಕ್ಸ್ ವಿತರಣೆಯ ತಂತ್ರಾಂಶ ಭಂಡಾರದಿಂದ ಹಾಕಿಕೊಂಡ ನಂತರ ಎಚ್‌ಪಿ-ಪ್ಲಗಿನ್ ಆಜ್ಞೆ ಕೊಟ್ಟು, ಫರ್ಮ್‌ವೇರ್ ಇರುವ ಪ್ಲಗಿನ್ ಇಳಿಸಿಕೊಂಡು, ಆಮೇಲೆ ಎಚ್‌ಪಿ-ಸೆಟಪ್ ಆಜ್ಞೆಯಿಂದ ಪ್ರಿಂಟರ್ ಸೇರಿಸಬೇಕು. ಈ ಕ್ರಮ ತಪ್ಪಬಾರದು. ಪ್ಲಗಿನ್ ಸರಿಯಾಗಿ ಕೂತ ಮೇಲೆ, ಪ್ರಿಂಟರ್ ಚಾಲೂ ಆದಾಗಲೆಲ್ಲ ಫರ್ಮ್‌ವೇರ್ ತಾನಾಗಿಯೇ ಹೋಗುತ್ತದೆ. ಹೋಗಿಲ್ಲವೆಂಬ ಅನುಮಾನ ಬಂದರೆ ಎಚ್‌ಪಿ-ಫರ್ಮ್‌ವೇರ್ ಎಂಬ ಆಜ್ಞೆಯಿಂದ ಕೈಯಾರೆ ಕಳಿಸಬಹುದು. ಅದನ್ನು ಕೊಟ್ಟ ಕೂಡಲೇ ಪ್ರಿಂಟರಿನ ರೋಲರ್ ಒಮ್ಮೆ ತಿರುಗಿದ ಸದ್ದು ಕೇಳಿದರೆ ದೋಷ ಎಲ್ಲಿತ್ತೆಂದು ಖಾತ್ರಿಯಾದಂತೆ.

ಎರಡು ಸಂಗತಿಗಳನ್ನು ಇಲ್ಲಿ ನೆನಪಿಡಬೇಕು. ಪ್ಲಗಿನ್‌ನ ಆವೃತ್ತಿಯೂ ಎಚ್‌ಪಿಲಿಪ್‌ನ ಆವೃತ್ತಿಯೂ ಒಂದೇ ಆಗಿರಬೇಕು. ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿದ ಮರುದಿನದಿಂದ ಪ್ರಿಂಟರ್ ನಿಂತಿತು ಎಂದರೆ ಮೊದಲು ಪ್ಲಗಿನ್ ಮತ್ತೊಮ್ಮೆ ಹಾಕಿ ನೋಡಿ. ಇನ್ನೊಂದು, ಇಂಟರ್‌ನೆಟ್ ಸರಿಯಿಲ್ಲದ ಹಳ್ಳಿಯ ಶಾಲೆಗೆ ಹೋಗುವಾಗ ಅದೇ ಆವೃತ್ತಿಯ ಪ್ಲಗಿನ್ ಕಡತವನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೋಗಿ. ಎಚ್‌ಪಿ-ಪ್ಲಗಿನ್ ಆಜ್ಞೆಗೆ ಹೈಫನ್ ಪಿ ಆಯ್ಕೆಯೊಂದಿಗೆ ಆ ಕಡತದ ಜಾಗ ತೋರಿಸಿದರೆ ನೆಟ್ ಇಲ್ಲದೆಯೇ ಕೆಲಸವಾಗುತ್ತದೆ.

ಕ್ಯಾನನ್ ಎಲ್‌ಬಿಪಿ 2900 ಇಷ್ಟು ಸುಲಭವಲ್ಲ. ಅದರ ಭಾಷೆ ಕ್ಯಾಪ್ಟ್. ಅದಕ್ಕಾಗಿ ಕ್ಯಾನನ್ ಕೊಡುವ ಲಿನಕ್ಸ್ ಡ್ರೈವರ್ ಹಳೆಯದು, ಸಿಸಿಪಿಡಿ ಎಂಬ ಪ್ರತ್ಯೇಕ ಸೇವೆಯನ್ನು ಓಡಿಸುತ್ತಲೇ ಇರಬೇಕು, ಅದರ ಕೆಲವು ಭಾಗಗಳಿಗೆ 32 ಬಿಟ್‌ನ ಲೈಬ್ರರಿಗಳು ಬೇಕು. ನಡೆಯುವುದಿಲ್ಲವೆಂದಲ್ಲ, ಆದರೆ ದಿನವಿಡೀ ಗಿರಾಕಿಗಳು ನಿಲ್ಲುವ ಅಂಗಡಿಯಲ್ಲಿ ಇದರ ಮೇಲೆ ಭಾರ ಹಾಕಬಾರದೆಂದೇ ನನ್ನ ಅಭಿಪ್ರಾಯ. ಎಪ್ಸನ್ ಶಾಯಿ ಟ್ಯಾಂಕ್ ಯಂತ್ರಗಳಿಗೆ ಡೆಬಿಯನ್ ಭಂಡಾರದಲ್ಲಿಯೇ ಪ್ರಿಂಟರ್-ಡ್ರೈವರ್-ಇಎಸ್‌ಸಿಪಿಆರ್ ಎಂಬ ಪ್ಯಾಕೇಜಿದೆ. ಬ್ರದರ್‌ನ ಹಲವು ಕಪ್ಪು-ಬಿಳುಪು ಲೇಸರ್‌ಗಳಿಗೆ ಬ್ರಲೇಸರ್, ಸ್ಯಾಮ್‌ಸಂಗ್‌ನ ಕೆಲವು ಹಳೆಯ ಲೇಸರ್‌ಗಳಿಗೆ ಸ್ಪ್ಲಿಕ್ಸ್ ಇದೆ. ಇವನ್ನು ಹಾಕಿ, ಎಲ್‌ಪಿಇನ್‌ಫೋಗೆ ಹೈಫನ್ ಎಂ ಕೊಟ್ಟು ಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯೇ ನೋಡಿಕೊಂಡರಾಯಿತು.

ಕಾಗದದ ಗಾತ್ರ

ಅನುಸ್ಥಾಪನೆಯ ಸಮಯದಲ್ಲಿ ಭಾಷೆ-ದೇಶ ಸರಿಯಾಗಿ ಆರಿಸದಿದ್ದರೆ ಕಪ್ಸ್ ಅಮೆರಿಕದ ಲೆಟರ್ ಗಾತ್ರವನ್ನೇ ಮೂಲ ಗಾತ್ರವೆಂದು ಹಿಡಿಯಬಹುದು. ಆಗ ಎ4 ಹಾಳೆಯಲ್ಲಿ ಕೆಳಗಿನ ಸಾಲು ಕತ್ತರಿಸಿದಂತಾಗುತ್ತದೆ, ಅಥವಾ ಪ್ರಿಂಟರ್ ಕಾಗದ ಹಾಕಿ ಎಂದು ದೀಪ ಮಿಣುಕಿಸುತ್ತ ನಿಲ್ಲುತ್ತದೆ. ನಿರ್ವಹಣಾ ಪುಟದಲ್ಲಿ ಆ ಪ್ರಿಂಟರಿನ ಮೂಲ ಆಯ್ಕೆಗಳಿಗೆ ಹೋಗಿ ಎ4 ಎಂದು ಬದಲಿಸಿ. ಅರ್ಜಿ, ಕರಾರು ಪತ್ರಗಳಿಗೆ ಲೀಗಲ್ ಹಾಳೆ ಹಾಕುವವರು ಆ ಒಂದು ಕೆಲಸಕ್ಕೆ ಮಾತ್ರ ಗಾತ್ರ ಬದಲಿಸುವುದಕ್ಕಿಂತ, ಅದೇ ಪ್ರಿಂಟರಿಗೆ ಲೀಗಲ್ ಎಂಬ ಹೆಸರಿನ ಎರಡನೆಯ ಸರದಿಯನ್ನೇ ಮಾಡಿಟ್ಟುಕೊಳ್ಳುವುದು ಉತ್ತಮ. ಒಂದು ಯಂತ್ರಕ್ಕೆ ಎಷ್ಟು ಸರದಿಗಳಿದ್ದರೂ ಕಪ್ಸ್‌ಗೆ ಅಡ್ಡಿಯಿಲ್ಲ.

ಕನ್ನಡ ಅಕ್ಷರ ಕಾಗದಕ್ಕೆ ಸರಿಯಾಗಿ ಬರಬೇಕಾದರೆ

ಪರದೆಯ ಮೇಲೆ ಸರಿಯಾಗಿ ಕಾಣುವ ಕನ್ನಡ ಕಾಗದದ ಮೇಲೆ ಒತ್ತಕ್ಷರ ಬೇರ್ಪಟ್ಟು, ಚೌಕಗಳಾಗಿ, ಅಥವಾ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಬರುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ. ಮೂರಕ್ಕೂ ಪ್ರಿಂಟರನ್ನೇ ಬೈಯುವುದು ವಾಡಿಕೆ, ಆದರೆ ಪ್ರಿಂಟರಿನ ತಪ್ಪು ತೀರ ಕಡಿಮೆ.

ಚೌಕಗಳು ಬಂದರೆ ಕನ್ನಡದ ಫಾಂಟ್ ಇಲ್ಲವೆಂದು ಅರ್ಥ. ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು ಇವೆಲ್ಲ ಡೆಬಿಯನ್ ಭಂಡಾರದಲ್ಲಿವೆ. ಯಾವುದಾದರೂ ಒಂದನ್ನು ಹಾಕಿದರೆ ಸಾಕು.

ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬಂದರೆ ಆ ಕಡತ ಯೂನಿಕೋಡ್‌ಗಿಂತ ಹಿಂದಿನ ಕಾಲದ ನುಡಿ ಅಥವಾ ಬರಹ ಫಾಂಟಿನಲ್ಲಿ ತಯಾರಾದದ್ದು. ಸೊಸೈಟಿಯ ಹಳೆಯ ನಡವಳಿ, ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಇದು ಇಂದಿಗೂ ಧಾರಾಳವಾಗಿ ಸಿಗುತ್ತದೆ. ಆ ಫಾಂಟಿನ ಕಡತವನ್ನು ನಿಮ್ಮ ಖಾತೆಯ ಫಾಂಟ್ಸ್ ಫೋಲ್ಡರಿಗೆ ಹಾಕಿ ಎಫ್‌ಸಿ-ಕ್ಯಾಶ್ ಆಜ್ಞೆ ಕೊಟ್ಟರೆ ಸದ್ಯಕ್ಕೆ ಮುದ್ರಣವಾಗುತ್ತದೆ. ಆದರೆ ಮತ್ತೆ ಮತ್ತೆ ಬೇಕಾಗುವ ದಾಖಲೆಯಾದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳುವುದೇ ಶಾಶ್ವತ ಪರಿಹಾರ.

ಒತ್ತಕ್ಷರ ಬೇರ್ಪಡುವುದು ಹೆಚ್ಚಾಗಿ ಬರಿಯ ಪಠ್ಯ ಕಡತವನ್ನು ನೇರವಾಗಿ ಎಲ್‌ಪಿ ಆಜ್ಞೆಗೆ ಕೊಟ್ಟಾಗ. ಕಪ್ಸ್‌ನ ಪಠ್ಯ ಫಿಲ್ಟರ್ ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸುತ್ತದೆಯೇ ಹೊರತು ಕನ್ನಡದ ಗುಣಿತ-ಒತ್ತುಗಳನ್ನು ಕೂಡಿಸುವ ವಿದ್ಯೆ ಅದಕ್ಕಿಲ್ಲ. ಹೀಗಾಗಿ ‘ಉತ್ತರ ಕನ್ನಡ’ ಎಂದು ಬರೆದ ಕಡತವನ್ನು ಹಾಗೆಯೇ ಕಳಿಸಿದರೆ ತ-ಒತ್ತು, ನ-ಒತ್ತುಗಳು ಕೆಳಗಿಳಿಯದೆ ಅರ್ಧಾಕ್ಷರ ಮತ್ತು ಪೂರ್ಣಾಕ್ಷರಗಳಾಗಿ ಸಾಲಿನಲ್ಲೇ ನಿಲ್ಲುತ್ತವೆ. ಪಠ್ಯವನ್ನು ಮೊದಲು ಲಿಬ್ರೆ‌ಆಫೀಸಿನಲ್ಲಿ ತೆರೆದು ಪಿಡಿಎಫ್ ಮಾಡಿ, ಆ ಪಿಡಿಎಫ್ ಅನ್ನು ಮುದ್ರಿಸಿ. ಪಿಡಿಎಫ್‌ನೊಳಗೆ ಫಾಂಟ್ ಸೇರಿದೆಯೇ ಎಂದು ಪಿಡಿಎಫ್‌ಫಾಂಟ್ಸ್ ಆಜ್ಞೆಯಿಂದ ಪರೀಕ್ಷಿಸಬಹುದು. ಇಎಂಬಿ ಎಂಬ ಅಂಕಣದಲ್ಲಿ ಯೆಸ್ ಎಂದಿದ್ದರೆ ಯಾವ ಊರಿನ ಯಾವ ಪ್ರಿಂಟರಿನಲ್ಲಿಯೂ ಅಕ್ಷರ ಹಾಗೆಯೇ ಬರಬೇಕು. ಇಷ್ಟಾದರೂ ಕೆಡುತ್ತಿದ್ದರೆ ಒಕುಲಾರ್‌ನಂತಹ ಓದುಗ ತಂತ್ರಾಂಶದ ಮುದ್ರಣ ಆಯ್ಕೆಗಳಲ್ಲಿ ಪುಟವನ್ನು ಚಿತ್ರವನ್ನಾಗಿ ಕಳಿಸುವ ಆಯ್ಕೆ ಇದೆ. ನಿಧಾನವಾದರೂ ಅದರಲ್ಲಿ ಅಕ್ಷರ ಕೆಡುವ ಪ್ರಶ್ನೆಯೇ ಬರುವುದಿಲ್ಲ.

ಡಾಟ್ ಮ್ಯಾಟ್ರಿಕ್ಸ್ ಬಿಲ್ಲು

ಒಂದೇ ಹೊಡೆತಕ್ಕೆ ಮೂರು ಪ್ರತಿ ಬೇಕಾದ ಕಡೆ, ಅಂದರೆ ಬೆಳೆಗಾರನಿಗೊಂದು, ಕಚೇರಿಗೊಂದು, ಗೋದಾಮಿಗೊಂದು ಎಂಬಂತಹ ವ್ಯವಹಾರದಲ್ಲಿ, ಲೇಸರ್ ಕೆಲಸಕ್ಕೆ ಬರುವುದಿಲ್ಲ. ಇಂತಹ ಯಂತ್ರಗಳಲ್ಲಿ ಹೆಚ್ಚಿನವು ಎಪ್ಸನ್‌ನ ಭಾಷೆಯನ್ನೇ ಅನುಸರಿಸುತ್ತವೆ. ಹಾಗಾಗಿ ಕಪ್ಸ್‌ನ ಜೊತೆಯಲ್ಲಿಯೇ ಬರುವ ಎಪ್ಸನ್ 9 ಪಿನ್ ಅಥವಾ 24 ಪಿನ್ ಡ್ರೈವರ್ ಆರಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಯಂತ್ರದಲ್ಲಿ ಎಷ್ಟು ಪಿನ್ ಇದೆಯೆಂದು ಅದರ ಕೈಪಿಡಿ ನೋಡಿ ಆರಿಸಿ.

ಇಲ್ಲಿ ಒಂದು ಮೂಲಭೂತ ಆಯ್ಕೆ ಇದೆ. ಬಿಲ್ಲು ಇಂಗ್ಲಿಷಿನಲ್ಲಿ ಸಾಕೆಂದಾದರೆ ಡ್ರೈವರ್ ಇಲ್ಲದ ಕಚ್ಚಾ ಸರದಿಯ ಮೂಲಕ ಪಠ್ಯವನ್ನು ನೇರವಾಗಿ ಕಳಿಸಬಹುದು. ಯಂತ್ರ ತನ್ನೊಳಗಿನ ಅಕ್ಷರಗಳನ್ನೇ ಬಳಸಿ ಸರಸರನೆ ಹೊಡೆಯುತ್ತದೆ. ಕನ್ನಡದಲ್ಲಿ ಬೇಕೆಂದರೆ ಆ ಯಂತ್ರದೊಳಗೆ ಕನ್ನಡದ ಅಕ್ಷರಗಳಿಲ್ಲ, ಆದ್ದರಿಂದ ಪುಟವನ್ನು ಚುಕ್ಕೆಗಳ ಚಿತ್ರವಾಗಿ ಕಳಿಸಬೇಕು. ವೇಗ ಕಡಿಮೆಯಾಗುತ್ತದೆ, ರಿಬ್ಬನ್ ಬೇಗ ಸವೆಯುತ್ತದೆ. ಆದರೂ ರೈತ ತನ್ನ ಬಿಲ್ಲನ್ನು ತಾನೇ ಓದಿಕೊಳ್ಳುವಂತಿರಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತೂಕ, ದರ, ಮೊತ್ತದ ಅಂಕಿಗಳನ್ನು ತುಸು ದೊಡ್ಡ ಅಕ್ಷರದಲ್ಲಿಟ್ಟು, ಬಿಲ್ಲಿನ ಉದ್ದವನ್ನು ಅರ್ಧ ಪುಟಕ್ಕೆ ಇಳಿಸಿದರೆ ಕೌಂಟರಿನಲ್ಲಿ ಆಗುವ ತಡ ಸಹಿಸುವಷ್ಟೇ ಇರುತ್ತದೆ.

ಕರೆಂಟ್ ಹೋಗಿ ಬಂದಾಗ

ಕರೆಂಟ್ ಹೋದ ಗಳಿಗೆಯಲ್ಲಿ ಕೆಲಸವೊಂದು ಅರ್ಧ ಆಗಿದ್ದರೆ ಕಪ್ಸ್ ಅದನ್ನು ವಿಫಲವೆಂದು ದಾಖಲಿಸಿ, ತನ್ನ ದೋಷನೀತಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಆ ನೀತಿ ಸ್ಟಾಪ್-ಪ್ರಿಂಟರ್ ಎಂದಿದ್ದರೆ ಸರದಿಯೇ ನಿಂತುಬಿಡುತ್ತದೆ. ಮುಂದೆ ಕಳಿಸಿದ್ದೆಲ್ಲ ಒಂದರ ಹಿಂದೆ ಒಂದು ಸಾಲುಗಟ್ಟುತ್ತದೆ. ಪ್ರಿಂಟರ್ ಹಾಳಾಯಿತೆಂದು ತಿಳಿದು ರಿಪೇರಿಗೆ ಒಯ್ಯುವ ಯಂತ್ರಗಳಲ್ಲಿ ಇಂತಹವೂ ಇರುತ್ತವೆ. ನಿಂತ ಸರದಿಯನ್ನು ಕಪ್ಸ್‌ಎನೇಬಲ್ ಆಜ್ಞೆಯಿಂದ ಎಬ್ಬಿಸಬಹುದು. ಮತ್ತೆ ಹಾಗಾಗದಿರಲು ಎಲ್‌ಪಿಅಡ್ಮಿನ್ ಆಜ್ಞೆಗೆ ಹೈಫನ್ ಓ ಆಯ್ಕೆಯೊಂದಿಗೆ ಪ್ರಿಂಟರ್-ಎರರ್-ಪಾಲಿಸಿ ಎಂಬುದನ್ನು ರಿಟ್ರೈ-ಜಾಬ್ ಎಂದು ಬದಲಿಸಿ. ನಿರ್ವಹಣಾ ಪುಟದಲ್ಲಿಯೂ, ಆಯ್ಕೆಗಳ ಕೊನೆಯ ವಿಭಾಗದಲ್ಲಿ, ಇದೇ ಬದಲಾವಣೆ ಸಾಧ್ಯ.

ಎರಡನೆಯ ತೊಂದರೆ ರೌಟರಿನದು. ಕರೆಂಟ್ ಬಂದಾಗ ರೌಟರ್, ಪ್ರಿಂಟರ್, ಕಂಪ್ಯೂಟರ್ ಮೂರೂ ಒಟ್ಟಿಗೆ ಎದ್ದು ರೌಟರ್ ಹೊಸದಾಗಿ ವಿಳಾಸ ಹಂಚುತ್ತದೆ. ಪ್ರಿಂಟರಿಗೆ ಮೊದಲಿದ್ದ ಸಂಖ್ಯೆ ಈಗ ಯಾರದೋ ಮೊಬೈಲಿಗೆ ಹೋಗಿರಬಹುದು. ಐಪಿ ಸಂಖ್ಯೆ ಕೊಟ್ಟು ಸೇರಿಸಿದ ಸರದಿ ಆಗ ತಪ್ಪು ಬಾಗಿಲು ತಟ್ಟುತ್ತದೆ. ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಆ ಯಂತ್ರದ ನೆಟ್‌ವರ್ಕ್ ಗುರುತಿನ ಸಂಖ್ಯೆಗೆ) ಒಂದು ಐಪಿಯನ್ನು ಕಾಯಂ ಮಾಡಿಡಿ, ಅಥವಾ ಸಂಖ್ಯೆಯ ಬದಲು ಡಿಎನ್‌ಎಸ್‌ಎಸ್‌ಡಿ ಬಗೆಯ ಹೆಸರಿನ ವಿಳಾಸ ಬಳಸಿ.

ಯುಪಿಎಸ್ ಬಗ್ಗೆ ಒಂದು ಮಾತು. ಲೇಸರ್ ಪ್ರಿಂಟರಿನ ಫ್ಯೂಸರ್ (ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಭಾಗ) ಬಿಸಿಯಾಗುವಾಗ ಒಮ್ಮೆಲೇ ಬಹಳ ವಿದ್ಯುತ್ ಎಳೆಯುತ್ತದೆ; ಕಂಪ್ಯೂಟರಿಗೆಂದು ಇಟ್ಟ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬೇಡಿ. ರೌಟರ್ ಮತ್ತು ಕಂಪ್ಯೂಟರ್ ಯುಪಿಎಸ್ ಮೇಲಿರಲಿ. ಕಾರವಾರ, ಅಂಕೋಲಾ, ಕುಮಟಾದ ಕಡೆ ಮಳೆಗಾಲದ ತೇವಕ್ಕೆ ಬಿಚ್ಚಿಟ್ಟ ಕಾಗದ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ಟ್ರೇಯಲ್ಲಿ ಒಂದು ದಿನಕ್ಕೆ ಬೇಕಾದಷ್ಟೇ ಹಾಕಿ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು. ತಂತ್ರಾಂಶದಿಂದ ಇದಕ್ಕೆ ಪರಿಹಾರವಿಲ್ಲ.

ಹಂಚಿಕೆ ಮತ್ತು ಗೌಪ್ಯತೆ

ಒಂದು ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರನ್ನು ಪ್ರಯೋಗಾಲಯದ ಎಲ್ಲರಿಗೂ ಒದಗಿಸಲು ಕಪ್ಸ್‌ಸಿಟಿಎಲ್ ಆಜ್ಞೆಗೆ ಹೈಫನ್ ಹೈಫನ್ ಶೇರ್-ಪ್ರಿಂಟರ್ಸ್ ಎಂದು ಕೊಟ್ಟು, ಆ ಸರದಿಯ ಹಂಚಿಕೆಯನ್ನೂ ಚಾಲೂ ಮಾಡಿ, ಫೈರ್‌ವಾಲ್‌ನಲ್ಲಿ 631ನೆಯ ಪೋರ್ಟನ್ನು ಒಳಜಾಲಕ್ಕೆ ಮಾತ್ರ ತೆರೆಯಬೇಕು. ಅವಾಹಿ ಓಡುತ್ತಿದ್ದರೆ ಮೊಬೈಲುಗಳಿಗೂ ಅದು ಕಾಣಿಸಿಕೊಳ್ಳುತ್ತದೆ. ಹಳೆಯ ಯುಎಸ್‌ಬಿ ಲೇಸರನ್ನು ಈ ರೀತಿ ವೈಫೈ ಪ್ರಿಂಟರಾಗಿ ಬಳಸುವುದು ನಿಜಕ್ಕೂ ಉಪಯುಕ್ತ.

ಹಂಚಿಕೆಯ ಜೊತೆಗೆ ಭದ್ರತೆಯ ಹೊಣೆಯೂ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಪ್ಸ್-ಬ್ರೌಸ್ಡ್ ಎಂಬ ಸಹಾಯಕ ಸೇವೆಯಲ್ಲಿ ಗಂಭೀರ ದೋಷಗಳು ಬಯಲಾದವು. ಯುಡಿಪಿ 631ರಲ್ಲಿ ಕಿವಿಗೊಟ್ಟು ಕೂರುವ ಆ ಸೇವೆಗೆ ಹೊರಗಿನವರು ನಕಲಿ ಪ್ರಿಂಟರನ್ನು ತೋರಿಸಲು ಸಾಧ್ಯವಿತ್ತು. ಅಪ್‌ಡೇಟ್ ಮಾಡಿಕೊಳ್ಳಿ, ಅಗತ್ಯವಿಲ್ಲದಿದ್ದರೆ ಆ ಸೇವೆಯನ್ನೇ ನಿಲ್ಲಿಸಿಬಿಡಿ.

ಜೆರಾಕ್ಸ್ ಅಂಗಡಿಯವರು ಮತ್ತು ಸೇವಾಕೇಂದ್ರದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮುದ್ರಿಸಿದ ಕಡತಗಳನ್ನು ಕಪ್ಸ್ ತನ್ನ ಸ್ಪೂಲ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ, ಬೇರೆ ಸೂಚನೆ ಇಲ್ಲದಿದ್ದರೆ, 86,400 ಸೆಕೆಂಡುಗಳ ಕಾಲ, ಅಂದರೆ ಒಂದು ದಿನ, ಇಟ್ಟುಕೊಳ್ಳುತ್ತದೆ. ಗಿರಾಕಿಯ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಎಲ್ಲವೂ ಅಷ್ಟು ಹೊತ್ತು ಅಲ್ಲಿರುತ್ತವೆ. ಕಪ್ಸ್‌ಡಿ ಸಂರಚನಾ ಕಡತದಲ್ಲಿ ಪ್ರಿಸರ್ವ್‌ಜಾಬ್‌ಫೈಲ್ಸ್ ಎಂಬ ಸಾಲಿಗೆ ನೋ ಎಂದು ಬರೆದು ಸೇವೆಯನ್ನು ಮರುಪ್ರಾರಂಭಿಸಿದರೆ ಕೆಲಸ ಮುಗಿದ ಕೂಡಲೇ ಕಡತ ಅಳಿಯುತ್ತದೆ. ಜನ ನಂಬಿ ಕೊಟ್ಟ ಕಾಗದವಾದ್ದರಿಂದ ಈ ಒಂದು ಸಾಲನ್ನು ಯಾವ ಅಂಗಡಿಯೂ ಬಿಡಬಾರದು.

ಬಿಎಸ್‌ಡಿ ಮತ್ತು ಮ್ಯಾಕ್

ಫ್ರೀಬಿಎಸ್‌ಡಿಯಲ್ಲಿ ಕಪ್ಸ್ ಮತ್ತು ಕಪ್ಸ್-ಫಿಲ್ಟರ್ಸ್ ಹಾಕಿ, ಸಿಸ್‌ಆರ್‌ಸಿ ಮೂಲಕ ಕಪ್ಸ್‌ಡಿ ಸೇವೆಯನ್ನು ಚಾಲೂ ಮಾಡಬೇಕು. ಯುಎಸ್‌ಬಿ ಸಾಧನಗಳನ್ನು ಕಪ್ಸ್ ಗುಂಪು ಬಳಸುವಂತೆ ಡೆವ್‌ಎಫ್‌ಎಸ್ ನಿಯಮವನ್ನೂ ಬರೆಯಬೇಕು. ಮೂಲ ವ್ಯವಸ್ಥೆಯಲ್ಲಿಯೇ ಹಳೆಯ ಎಲ್‌ಪಿಆರ್ ಇರುವುದರಿಂದ, ಯೂಸರ್-ಲೋಕಲ್‌ನ (/usr/local) ಕೆಳಗಿರುವ ಕಪ್ಸ್‌ನ ಆಜ್ಞೆ ಮೊದಲು ಸಿಗುವಂತೆ ಪಾತ್ (ಆಜ್ಞೆಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಸರಿಪಡಿಸದಿದ್ದರೆ ಕೆಲಸ ಹಳೆಯ ಸರದಿಗೆ ಹೋಗಿ ಕಾಣೆಯಾಗುತ್ತದೆ. ಮ್ಯಾಕ್‌ನಲ್ಲಿ ಕಪ್ಸ್ ಒಳಗೇ ಇದೆ. ನಿರ್ವಹಣಾ ಪುಟ ಬೇಕಾದರೆ ಕಪ್ಸ್‌ಸಿಟಿಎಲ್ ಆಜ್ಞೆಯಿಂದ ವೆಬ್‌ಇಂಟರ್‌ಫೇಸ್ ಎಂಬುದನ್ನು ಯೆಸ್ ಮಾಡಬೇಕು.

ಏನೂ ಬಾರದಿದ್ದಾಗ ನೋಡುವ ಕ್ರಮ

ಮೊದಲು ಎಲ್‌ಪಿಸ್ಟ್ಯಾಟ್‌ಗೆ ಹೈಫನ್ ಟಿ ಕೊಟ್ಟು ಸರದಿ ಚಾಲೂ ಇದೆಯೇ, ಕೆಲಸ ಸ್ವೀಕರಿಸುತ್ತಿದೆಯೇ, ಮೂಲ ಪ್ರಿಂಟರ್ ಯಾವುದು ಎಂದು ನೋಡಿ. ಬೇರೆ ಪ್ರಿಂಟರ್ ಮೂಲವಾಗಿದ್ದರೆ ಎಲ್‌ಪಿಆಪ್ಷನ್ಸ್‌ಗೆ ಹೈಫನ್ ಡಿ ಮತ್ತು ಸರಿಯಾದ ಹೆಸರು ಕೊಡಿ. ಸಿಕ್ಕಿಕೊಂಡ ಕೆಲಸಗಳನ್ನು ಕ್ಯಾನ್ಸಲ್ ಆಜ್ಞೆಗೆ ಹೈಫನ್ ಎ ಕೊಟ್ಟು ತೆರವು ಮಾಡಿ, ನಿರ್ವಹಣಾ ಪುಟದಿಂದ ಪರೀಕ್ಷಾ ಹಾಳೆ ಕಳಿಸಿ. ಅದು ಬಂದರೆ ಭಾಷೆಯೂ ದಾರಿಯೂ ಸರಿಯಿವೆ, ದೋಷ ನಿಮ್ಮ ಕಡತದ್ದು ಅಥವಾ ತಂತ್ರಾಂಶದ್ದು. ಬಾರದಿದ್ದರೆ ಕಪ್ಸ್‌ಸಿಟಿಎಲ್‌ಗೆ ಹೈಫನ್ ಹೈಫನ್ ಡೀಬಗ್-ಲಾಗಿಂಗ್ ಕೊಟ್ಟು, ಮತ್ತೊಮ್ಮೆ ಪರೀಕ್ಷಾ ಹಾಳೆ ಕಳಿಸಿ, ವಾರ್-ಲಾಗ್-ಕಪ್ಸ್ (/var/log/cups) ಫೋಲ್ಡರಿನ ಎರರ್-ಲಾಗ್ ಕಡತವನ್ನು ಕೊನೆಯಿಂದ ಓದಿ. ಫೆಡೋರಾದಲ್ಲಿ ಇದೇ ವಿವರ ಜರ್ನಲ್‌ಸಿಟಿಎಲ್‌ನಲ್ಲಿ ಸಿಗುತ್ತದೆ. ಫಿಲ್ಟರ್ ಫೇಲ್ಡ್ ಎಂಬ ಸಾಲು ಕಂಡರೆ ಡ್ರೈವರಿನ ಯಾವುದೋ ಭಾಗ ಇಲ್ಲ ಅಥವಾ ಪ್ಲಗಿನ್ ಹೊಂದುತ್ತಿಲ್ಲ. ಸಂಪರ್ಕ ಸಿಗಲಿಲ್ಲ, ಕಾಯುತ್ತಿದ್ದೇನೆ ಎಂಬರ್ಥದ ಸಾಲುಗಳು ಕಂಡರೆ ತಂತಿ, ವಿಳಾಸ, ಫೈರ್‌ವಾಲ್‌ಗಳ ಕಡೆ ನೋಡಿ. ದೋಷ ಸಿಕ್ಕ ಮೇಲೆ ನೋ-ಡೀಬಗ್-ಲಾಗಿಂಗ್ ಕೊಟ್ಟು ಹೆಚ್ಚುವರಿ ದಾಖಲೆಯನ್ನು ನಿಲ್ಲಿಸಿ, ಇಲ್ಲವಾದರೆ ಆ ಕಡತ ಬೆಳೆಯುತ್ತಲೇ ಹೋಗುತ್ತದೆ. ಪ್ರಿಂಟರ್ಸ್ ಎಂಬ ಸಂರಚನಾ ಕಡತವನ್ನು ಕೈಯಾರೆ ತಿದ್ದಬೇಕಾಗಿ ಬಂದರೆ ಸೇವೆಯನ್ನು ನಿಲ್ಲಿಸಿಯೇ ತಿದ್ದಬೇಕು; ಓಡುತ್ತಿರುವಾಗ ತಿದ್ದಿದರೆ ಕಪ್ಸ್ ತನ್ನ ನೆನಪಿನಲ್ಲಿರುವ ಹಳೆಯ ವಿವರವನ್ನೇ ಅದರ ಮೇಲೆ ಮತ್ತೆ ಬರೆದುಬಿಡುತ್ತದೆ.